ಕಣ್ಣು ಒಣಗಿ ಉರಿಯುತ್ತಿದ್ದರೆ: ಮನೆಯಲ್ಲೇ ಮಾಡಿಕೊಳ್ಳುವ ಆರೈಕೆ, ಹಂತ ಹಂತವಾಗಿ

ಕಣ್ಣು ಒಣಗಿದೆ ಎಂದು ಡಾಕ್ಟರ್ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ನಾನು ಅವರ ಹತ್ತಿರ ಹೋಗಿದ್ದೇ ಕಣ್ಣಲ್ಲಿ ನೀರು ಸುರಿಯುತ್ತದೆ ಎಂದು! ಗಾಳಿ ಬೀಸಿದರೆ ನೀರು. ಒಂದು ಗಂಟೆ ಕಂಪ್ಯೂಟರ್ ಮುಂದೆ ಕೂತರೆ ನೀರು. ಒರೆಸಿ ಒರೆಸಿ ಕಣ್ಣಿನ ಕೆಳಗಿನ ಚರ್ಮ ಕೆಂಪಾಗಿ ಹೋಗಿತ್ತು. ಇಷ್ಟು ನೀರು ಬರುವ ಕಣ್ಣು ಒಣಗುವುದು ಹೇಗೆ?

ಇದಕ್ಕೆ ಉತ್ತರ ಗೊತ್ತಾಗುವವರೆಗೂ ನಾನು ಮಾಡಿದ್ದೆಲ್ಲ ಉಲ್ಟಾ ಕೆಲಸವೇ. ತಣ್ಣೀರು ಎರಚಿಕೊಂಡೆ, ಕಣ್ಣು ಉಜ್ಜಿಕೊಂಡೆ, ಕೆಂಪು ಕಡಿಮೆ ಮಾಡುವ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕಿಕೊಂಡೆ. ನೀವೂ ಹಾಗೆ ಮಾಡುತ್ತಿದ್ದರೆ ನಿಮ್ಮ ತಪ್ಪೇನೂ ಇಲ್ಲ. ಯಾರೂ ಸರಿಯಾಗಿ ಬಿಡಿಸಿ ಹೇಳಿರುವುದಿಲ್ಲ. ಅದಕ್ಕೇ ಮೊದಲು ಕಾರಣ ಹೇಳುತ್ತೇನೆ, ಆಮೇಲೆ ಹಂತಗಳು.

ಕಣ್ಣೀರು ಬರೀ ನೀರಲ್ಲ

ಕಣ್ಣಿನ ಗುಡ್ಡೆಯ ಮೇಲೆ ಸದಾ ಒಂದು ತೆಳ್ಳನೆಯ ಪೊರೆ ಹರಡಿರುತ್ತದೆ. ಅದರಲ್ಲಿ ಮೂರು ಪದಾರ್ಥಗಳಿವೆ. ತಳದಲ್ಲಿ ಲೋಳೆ. ನೀರು ಜಾರಿ ಹೋಗದೆ ಗುಡ್ಡೆಗೆ ಅಂಟಿಕೊಂಡಿರಲು ಅದು ಬೇಕು. ಮಧ್ಯದಲ್ಲಿ ನೀರು. ಮೇಲೆ ಎಣ್ಣೆಯ ಒಂದು ಪದರ. ಎಣ್ಣೆ ಇದ್ದರೆ ನೀರು ಬೇಗ ಆರುವುದಿಲ್ಲ. ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ.

ಈ ಎಣ್ಣೆ ಬರುವುದು ರೆಪ್ಪೆಯ ಒಳಗಿರುವ ಸಣ್ಣ ಗ್ರಂಥಿಗಳಿಂದ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಇರುತ್ತವೆ. 1666ರಲ್ಲಿ ಇವುಗಳ ಬಗ್ಗೆ ಬರೆದ ಜರ್ಮನ್ ವೈದ್ಯ ಹೈನ್ರಿಶ್ ಮೈಬೋಮ್ ಹೆಸರಿನಿಂದ ಇವಕ್ಕೆ ಮೈಬೋಮಿಯನ್ ಗ್ರಂಥಿ ಎನ್ನುತ್ತಾರೆ. ಇವುಗಳ ಬಾಯಿ ರೆಪ್ಪೆಯ ಅಂಚಿನಲ್ಲಿ, ಕೂದಲಿನ ಸಾಲಿನ ಹಿಂದೆ ತೆರೆದುಕೊಳ್ಳುತ್ತದೆ. ಒಂದೊಂದು ಸಲ ಕಣ್ಣು ಮಿಟುಕಿಸಿದಾಗಲೂ ಚೂರು ಎಣ್ಣೆ ಹೊರಗೆ ಬರುತ್ತದೆ.

ಆರೋಗ್ಯವಾಗಿರುವ ಕಣ್ಣಲ್ಲಿ ಈ ಎಣ್ಣೆ ಅಡುಗೆ ಎಣ್ಣೆಯ ಹಾಗೆ ತೆಳ್ಳಗೆ, ತಿಳಿಯಾಗಿರುತ್ತದೆ. ಅದು ಗಟ್ಟಿಯಾದರೆ ಟೂತ್‌ಪೇಸ್ಟ್ ತರ ಆಗಿ ಗ್ರಂಥಿಯ ಬಾಯಿಯಲ್ಲೇ ಕೂರುತ್ತದೆ. ಆಗ ಮುಚ್ಚಳ ಇಲ್ಲ. ಮಿಟುಕಿಸಿದ ಕೆಲವೇ ಸೆಕೆಂಡಿಗೆ ನೀರಿನ ಪೊರೆ ಅಲ್ಲಲ್ಲಿ ಹರಿದು ಗುಡ್ಡೆಯ ಮೇಲ್ಮೈ ಗಾಳಿಗೆ ಬೀಳುತ್ತದೆ. ಅಲ್ಲಿ ನರಗಳು ಒತ್ತಾಗಿವೆ. ಏನೋ ಬಿದ್ದಿದೆ ಎಂದು ಅವು ಗಾಬರಿಯಿಂದ ಸುದ್ದಿ ಕಳಿಸುತ್ತವೆ. ಕಣ್ಣು ಒಮ್ಮೆಗೇ ನೀರು ಸುರಿಸುತ್ತದೆ. ಆದರೆ ಹಾಗೆ ಬರುವ ನೀರಿನಲ್ಲಿ ಎಣ್ಣೆ ಇಲ್ಲ. ಕೆನ್ನೆಗೆ ಇಳಿದು ಹೋಗುತ್ತದೆ, ಕಣ್ಣು ಮತ್ತೆ ಒಣಗುತ್ತದೆ. ನೀರು ಸುರಿಯುವ ಕಣ್ಣು ಒಣಗುವುದು ಹೀಗೆ.

ಕಣ್ಣೀರೇ ಕಡಿಮೆ ಹುಟ್ಟುವ ಇನ್ನೊಂದು ಬಗೆಯೂ ಇದೆ. ಆದರೆ ಬೇಗ ಆರಿಹೋಗುವ ಬಗೆಯೇ ಜಾಸ್ತಿ ಜನರಿಗೆ. ಎಷ್ಟೋ ಜನರಿಗೆ ಎರಡೂ ಸೇರಿರುತ್ತವೆ. ಹಾಗಾಗಿ ಮನೆಯಲ್ಲಿ ಮಾಡುವ ಆರೈಕೆಯ ಮುಕ್ಕಾಲು ಪಾಲು ರೆಪ್ಪೆಗೆ ಸೇರಿದ್ದು. ಕಣ್ಣಿನೊಳಗೆ ಏನು ಹಾಕಿಕೊಳ್ಳಲಿ ಎಂದೇ ಎಲ್ಲರೂ ಕೇಳುತ್ತಾರೆ. ರೆಪ್ಪೆಯನ್ನು ಹೇಗೆ ನೋಡಿಕೊಳ್ಳಲಿ ಎಂದು ಕೇಳುವವರು ಕಡಿಮೆ.

ಶುರು ಮಾಡುವ ಮುಂಚೆ: ಇವಿದ್ದರೆ ಮನೆಮದ್ದು ಬೇಡ

ಕಣ್ಣಲ್ಲಿ ಜೋರು ನೋವು, ದೃಷ್ಟಿ ಇದ್ದಕ್ಕಿದ್ದಂತೆ ಮಂಜಾಗುವುದು, ಬೆಳಕು ನೋಡಲಾಗದಷ್ಟು ಚುಚ್ಚುವುದು, ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಹಳದಿ ಅಥವಾ ಹಸಿರು ಕೀವು. ಇವುಗಳಲ್ಲಿ ಒಂದಿದ್ದರೂ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ದೀಪದ ಸುತ್ತ ಬಣ್ಣದ ಬಳೆ ಕಂಡು, ತಲೆನೋವು ವಾಂತಿಯೂ ಬಂದರೆ ಕಣ್ಣಿನ ಒತ್ತಡ ಏರಿರಬಹುದು. ಅದು ತುರ್ತು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಕಣ್ಣು ಕೆಂಪಾಗಿ ನೋವು ಬಂದರೆ ಲೆನ್ಸ್ ತೆಗೆದು ನೇರ ಡಾಕ್ಟರ್ ಹತ್ತಿರ ಹೋಗಬೇಕು. ಸೋಪು, ಸುಣ್ಣ, ಆಸಿಡ್ ಏನಾದರೂ ಕಣ್ಣಿಗೆ ಹಾರಿದ್ದರೆ ಮೊದಲು ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಿ ತೊಳೆದು, ಆಮೇಲೆ ಆಸ್ಪತ್ರೆಗೆ.

ಮುಖದ ಒಂದು ಬದಿ ಸೋತು ರೆಪ್ಪೆ ಮುಚ್ಚಲು ಆಗದಿದ್ದರೂ ಕಾಯಬೇಡಿ. ಪುಟ್ಟ ಮಕ್ಕಳಿಗೆ ಈ ಉರಿ ಬಂದರೂ ಅಷ್ಟೇ, ಮೊದಲು ತೋರಿಸಿ.

ಇನ್ನೊಂದು ಗುರುತು ನೆನಪಿಡಿ. ಒಣಗಿದ ಕಣ್ಣು ಉರಿಯುತ್ತದೆ, ಚುಚ್ಚುತ್ತದೆ, ಒಳಗೆ ಮರಳು ಬಿದ್ದ ಹಾಗೆ ಆಗುತ್ತದೆ. ತುರಿಕೆಯೇ ಮುಖ್ಯವಾಗಿದ್ದರೆ ಅದು ಅಲರ್ಜಿ ಇರಬಹುದು. ಅಲರ್ಜಿಗೆ ತಂಪು ಬಟ್ಟೆ ಹಿತ, ಒಣಗಿದ ಕಣ್ಣಿಗೆ ಬಿಸಿ ಶಾಖ ಹಿತ. ಇದನ್ನು ಅದಲು ಬದಲು ಮಾಡಿಕೊಂಡು ಬೇಸರ ಪಟ್ಟುಕೊಳ್ಳುವವರು ತುಂಬ ಜನ.

ಹಂತ 1: ನಾಲ್ಕು ದಿನ ಸುಮ್ನೆ ಗಮನಿಸಿ

ಏನೂ ಮಾಡುವ ಮೊದಲು ಕಣ್ಣು ಯಾವಾಗ ಉರಿಯುತ್ತದೆ ಎಂದು ಬರೆದಿಡಿ. ಬೆಳಗ್ಗೆ ಎದ್ದ ಕೂಡಲೇ ಉರಿ ಇದ್ದು ಆಮೇಲೆ ಕಡಿಮೆ ಆಗುತ್ತದಾ? ಹಾಗಿದ್ದರೆ ರಾತ್ರಿ ಫ್ಯಾನಿನ ಗಾಳಿ ಮುಖಕ್ಕೇ ಬೀಸುತ್ತಿರಬಹುದು, ಇಲ್ಲವೇ ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುತ್ತಿಲ್ಲದಿರಬಹುದು. ರೆಪ್ಪೆಯ ಅಂಚಿನ ಉರಿಯೂತವೂ ಬೆಳಗ್ಗೆಯೇ ಜಾಸ್ತಿ. ದಿನ ಕಳೆದಂತೆ ಏರಿ ಸಂಜೆ ಹೊತ್ತಿಗೆ ತಡೆಯಲಾಗದಿದ್ದರೆ ಸ್ಕ್ರೀನ್ ಮತ್ತು ಗಾಳಿಯ ಕಡೆ ನೋಡಿ.

ಒಳ್ಳೆಯ ಬೆಳಕಲ್ಲಿ ಕನ್ನಡಿ ಹಿಡಿದು ರೆಪ್ಪೆಯ ಅಂಚನ್ನು ಹತ್ತಿರದಿಂದ ನೋಡಿ. ಕೂದಲಿನ ಬುಡದಲ್ಲಿ ತಲೆಹೊಟ್ಟಿನ ತರ ಪುಡಿ ಇದೆಯಾ? ಕಣ್ಣಿನ ಮೂಲೆಯಲ್ಲಿ ಬಿಳಿ ನೊರೆ? ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆಗಳು ಸಾಲಾಗಿ ಕೂತಿವೆಯಾ? ಆ ಚುಕ್ಕೆಗಳೇ ಗಟ್ಟಿಯಾದ ಎಣ್ಣೆಯ ಬಿರಡೆಗಳು. ನನ್ನ ರೆಪ್ಪೆಯಲ್ಲಿ ಅವನ್ನು ಮೊದಲ ಸಲ ಕಂಡಾಗ ಇಷ್ಟು ವರ್ಷ ದಿನಾ ಕನ್ನಡಿ ನೋಡಿಯೂ ಕಂಡಿರಲಿಲ್ಲವಲ್ಲ ಅನ್ನಿಸಿತು.

ಇನ್ನೊಂದು ಸಣ್ಣ ಪರೀಕ್ಷೆ. ಎರಡು ಸಲ ಸರಿಯಾಗಿ ಮಿಟುಕಿಸಿ, ಆಮೇಲೆ ಮಿಟುಕಿಸದೆ ನೇರ ನೋಡಿ. ಉರಿ ತಡೆಯಲಾಗದೆ ಮಿಟುಕಿಸುವ ತನಕ ಎಷ್ಟು ಸೆಕೆಂಡ್ ಆಯಿತು ಎಣಿಸಿ. 10 ಸೆಕೆಂಡ್ ಕೂಡ ತಡೆಯಲಾಗದಿದ್ದರೆ ಕಣ್ಣೀರಿನ ಪೊರೆ ಬೇಗ ಒಡೆಯುತ್ತಿರುವ ಸಾಧ್ಯತೆ ಇದೆ. ಇದು ಸೂಚನೆ ಮಾತ್ರ, ಇದನ್ನೇ ನಂಬಿ ತೀರ್ಮಾನ ಬೇಡ. ಆದರೆ ಅಂಕಿ ಬರೆದಿಟ್ಟುಕೊಳ್ಳಿ. ಒಂದು ತಿಂಗಳಾದ ಮೇಲೆ ಹೋಲಿಸಲು ಬರುತ್ತದೆ.

ಹಂತ 2: ಬಿಸಿ ಶಾಖ

ಇಡೀ ಆರೈಕೆಯಲ್ಲಿ ಒಂದನ್ನೇ ಮಾಡುತ್ತೇನೆ ಎಂದು ನೀವು ಹೇಳಿದರೆ, ಇದನ್ನೇ ಮಾಡಿ ಎನ್ನುತ್ತೇನೆ. ಗಟ್ಟಿಯಾದ ಎಣ್ಣೆ ಕರಗಬೇಕಾದರೆ ರೆಪ್ಪೆಯ ಒಳಗೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಕೆಲವು ನಿಮಿಷ ನಿಲ್ಲಬೇಕು. ಬಿಸಿ ಕೊಟ್ಟೆ, ಪ್ರಯೋಜನ ಆಗಲಿಲ್ಲ ಎನ್ನುವ ಜಾಸ್ತಿ ಜನ ಎಡವುವುದು ಇಲ್ಲೇ. ಬಿಸಿ ನಿಂತಿರುವುದಿಲ್ಲ.

ಒದ್ದೆ ಬಟ್ಟೆಯನ್ನೇ ನೋಡಿ. ಬಿಸಿ ನೀರಲ್ಲಿ ಅದ್ದಿ ಹಿಂಡಿ ಕಣ್ಣ ಮೇಲೆ ಇಟ್ಟ ಮೊದಲ ನಿಮಿಷ ಎಷ್ಟು ಹಿತ! ಎರಡನೇ ನಿಮಿಷಕ್ಕೆ ಬೆಚ್ಚಗಿದೆ ಅಷ್ಟೇ. ಮೂರನೆಯದಕ್ಕೆ ತಣ್ಣಗಾಗಿ ರೆಪ್ಪೆಯ ಬಿಸಿಯನ್ನೇ ಎಳೆದುಕೊಳ್ಳುತ್ತಿರುತ್ತದೆ. ನಾವು ಮಾತ್ರ ಕಣ್ಣು ಮುಚ್ಚಿ 10 ನಿಮಿಷ ಆಯಿತು ಎಂದು ಸಮಾಧಾನ ಪಟ್ಟುಕೊಂಡಿರುತ್ತೇವೆ.

ಹೀಗೆ ಮಾಡಿ:

1. ಲೆನ್ಸ್ ಇದ್ದರೆ ತೆಗೆಯಿರಿ. ಮುಖದ ಮೇಕಪ್ ತೊಳೆಯಿರಿ. ಕೈ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ.
2. ಸ್ವಚ್ಛವಾದ ಮೆತ್ತನೆಯ ಹತ್ತಿ ಬಟ್ಟೆ ಎರಡು ತೆಗೆದುಕೊಳ್ಳಿ. ಒಂದು ಕಣ್ಣ ಮೇಲೆ ಇರುವಾಗ ಇನ್ನೊಂದು ಬಿಸಿ ನೀರಲ್ಲಿ ಕಾಯುತ್ತಿರಲಿ. ನೀರಿನ ಪಾತ್ರೆಗೆ ಮುಚ್ಚಳ ಇದ್ದರೆ ಬಿಸಿ ಹೆಚ್ಚು ಹೊತ್ತು ಉಳಿಯುತ್ತದೆ.
3. ಬಟ್ಟೆ ಹಿಂಡಿ ಮೊದಲು ಮಣಿಕಟ್ಟಿನ ಒಳಬದಿಗೆ ಇಟ್ಟು ನೋಡಿ. ಬೆಚ್ಚಗೆ ಹಿತವಾಗಿರಬೇಕು. ಕೈ ಹಿಂದೆ ಎಳೆದುಕೊಳ್ಳುವಷ್ಟು ಬಿಸಿ ಇದ್ದರೆ ರೆಪ್ಪೆಗೆ ಖಂಡಿತ ಬೇಡ. ಅಲ್ಲಿನ ಚರ್ಮ ಮೈಯಲ್ಲೇ ಅತಿ ತೆಳುವಾದದ್ದು.
4. ಕಣ್ಣು ಮುಚ್ಚಿ, ಬಟ್ಟೆಯನ್ನು ಹಗುರವಾಗಿ ಇಡಿ. ಗುಡ್ಡೆಯನ್ನು ಒತ್ತಬೇಡಿ.
5. ಒಂದೂವರೆ ಎರಡು ನಿಮಿಷಕ್ಕೊಮ್ಮೆ ಬಟ್ಟೆ ಬದಲಿಸಿ. ಒಟ್ಟು 8ರಿಂದ 10 ನಿಮಿಷ.

ಬಟ್ಟೆ ಬದಲಿಸುವ ತಾಪತ್ರಯ ಬೇಡ ಎಂದರೆ ಕಣ್ಣಿಗೆಂದೇ ಮಾಡಿದ ಬಿಸಿ ಪಟ್ಟಿ ಸಿಗುತ್ತದೆ. ಅದು ಬಿಸಿಯನ್ನು ಚೆನ್ನಾಗಿ ಹಿಡಿದಿಡುತ್ತದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವ ಪಟ್ಟಿಯಾದರೆ ಪೊಟ್ಟಣದ ಮೇಲೆ ಹೇಳಿದ ಸಮಯ ಮೀರಬೇಡಿ. ಒದ್ದೆ ಬಟ್ಟೆಯನ್ನು ಮೈಕ್ರೋವೇವ್‌ಗೆ ಹಾಕಿ ನೇರ ಕಣ್ಣಿಗೆ ಇಡುವುದು ಬೇಡವೇ ಬೇಡ. ಅದು ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಸುಡುವಷ್ಟು ಬಿಸಿ ಇರುತ್ತದೆ.

ಮೊದಲ ತಿಂಗಳು ದಿನಕ್ಕೆ ಎರಡು ಸಲ. ಆಗದಿದ್ದರೆ ರಾತ್ರಿ ಮಲಗುವ ಮುಂಚೆ ಒಂದು ಸಲವಾದರೂ. ಶಾಖ ತೆಗೆದ ಕೂಡಲೇ ಕಣ್ಣು ಸ್ವಲ್ಪ ಮಬ್ಬಾಗಿ ಕಾಣುವುದುಂಟು, ಕೆಲವು ನಿಮಿಷಕ್ಕೆ ಸರಿ ಹೋಗುತ್ತದೆ. ಇತ್ತೀಚೆಗೆ ಕಣ್ಣಿನ ಆಪರೇಷನ್ ಆಗಿದ್ದರೆ, ಕಣ್ಣಿಗೆ ಪೆಟ್ಟು ಬಿದ್ದಿದ್ದರೆ ಅಥವಾ ಮುಖದ ಚರ್ಮಕ್ಕೆ ಬಿಸಿ ಸರಿಯಾಗಿ ತಿಳಿಯದಿದ್ದರೆ ಡಾಕ್ಟರನ್ನು ಕೇಳದೆ ಶಾಖ ಕೊಡಬೇಡಿ.

ಹಂತ 3: ತಕ್ಷಣ ರೆಪ್ಪೆಯನ್ನು ನೀವಿ

ಎಣ್ಣೆ ಕರಗಿದ್ದು ಹೊರಗೆ ಬರಬೇಕಲ್ವಾ? ಅದಕ್ಕೆ ಶಾಖ ತೆಗೆದ ಒಂದೆರಡು ನಿಮಿಷದ ಒಳಗೇ ಈ ಕೆಲಸ. ಕಣ್ಣು ಮುಚ್ಚಿ. ಸ್ವಚ್ಛವಾದ ಬೆರಳ ತುದಿಯಿಂದ ಮೇಲಿನ ರೆಪ್ಪೆಯನ್ನು ಮೇಲಿಂದ ಕೆಳಗೆ, ಕೂದಲಿನ ಕಡೆಗೆ ನಿಧಾನವಾಗಿ ನೀವಿ. ಕೆಳಗಿನ ರೆಪ್ಪೆಯನ್ನು ಕೆಳಗಿಂದ ಮೇಲಕ್ಕೆ. ಮೂಗಿನ ಬದಿಯಿಂದ ಶುರು ಮಾಡಿ ಹೊರಗಿನ ಮೂಲೆಯವರೆಗೆ, ಜಾಗಕ್ಕೆ ಐದಾರು ಸಲ. ಬೆಣ್ಣೆಯ ಮೇಲೆ ಬೆರಳಾಡಿಸಿದಷ್ಟೇ ಒತ್ತಡ ಸಾಕು. ಗುಡ್ಡೆಯನ್ನು ಉಜ್ಜಬಾರದು. ಕಣ್ಣು ಉಜ್ಜುವ ಅಭ್ಯಾಸ ಕಪ್ಪು ಗುಡ್ಡೆಯ ಆಕಾರವನ್ನೇ ಕೆಡಿಸಬಲ್ಲದು.

ಹಂತ 4: ಅಂಚು ಸ್ವಚ್ಛ ಮಾಡಿ

ಈಗ ಹೊರಗೆ ಬಂದ ಎಣ್ಣೆ, ಪುಡಿ, ಪಿಸುರು ಎಲ್ಲ ರೆಪ್ಪೆಯ ಅಂಚಲ್ಲಿ ಕೂತಿದೆ. ಅದನ್ನು ತೆಗೆಯಬೇಕು. ರೆಪ್ಪೆಗೆಂದೇ ಮಾಡಿದ ಕ್ಲೀನರ್ ಅಥವಾ ಒದ್ದೆ ಪಟ್ಟಿ ಸಿಕ್ಕರೆ ಅದೇ ಮೇಲು. ಇಲ್ಲದಿದ್ದರೆ ಕುದಿಸಿ ಆರಿಸಿದ ಉಗುರು ಬೆಚ್ಚನೆ ನೀರಲ್ಲಿ ಹತ್ತಿ ಅದ್ದಿ ಹಿಂಡಿ ಒರೆಸಿ. ಮಕ್ಕಳ ಶಾಂಪೂವನ್ನು ನೀರಲ್ಲಿ ಬೆರೆಸಿ ಒರೆಸುವ ಪದ್ಧತಿ ಹಳೆಯದು. ಕೆಲವರಿಗೆ ಅದರಿಂದ ಉರಿ ಜಾಸ್ತಿ ಆಗುತ್ತದೆ, ಹಾಗಾಗಿ ನಾನು ಅದನ್ನು ಹೇಳುವುದಿಲ್ಲ.

ಒರೆಸಬೇಕಾದ ಜಾಗ ಕೂದಲಿನ ಬುಡ. ಕಣ್ಣು ಮುಚ್ಚಿ ಕೂದಲಿನ ಸಾಲಿನ ಉದ್ದಕ್ಕೂ ಅಡ್ಡಡ್ಡ ಹಗುರವಾಗಿ ಒರೆಸಿ. ಒಂದು ಕಣ್ಣಿಗೆ ಬಳಸಿದ ಹತ್ತಿ ಇನ್ನೊಂದಕ್ಕೆ ಬೇಡ.

ಕೂದಲಿನ ಬುಡಕ್ಕೆ ಮೇಣದ ಕೊಳವೆ ಸುತ್ತಿದ ಹಾಗೆ ಕಂಡರೆ ಅದು ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ಹುಳದ ಗುರುತು ಇರಬಹುದು. ಅದಕ್ಕೆ ಟೀ ಟ್ರೀ ಎಣ್ಣೆ ಹಚ್ಚಿ ಎಂದು ಎಲ್ಲೆಲ್ಲೂ ಓದುತ್ತೀರಿ. ಬಾಟಲಿಯಿಂದ ನೇರ ಹಚ್ಚಿದರೆ ರೆಪ್ಪೆಯೂ ಗುಡ್ಡೆಯೂ ಸುಡುತ್ತವೆ. ಅದನ್ನು ಡಾಕ್ಟರಿಗೆ ಬಿಡಿ.

ಹಂತ 5: ಪೂರ್ತಿ ಮಿಟುಕಿಸುವುದನ್ನು ಮತ್ತೆ ಕಲಿಯಿರಿ

ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ಕಣ್ಣು ಮಿಟುಕಿಸುತ್ತೇವೆ. ಸ್ಕ್ರೀನ್ ನೋಡುವಾಗ ಅದು ಅರ್ಧಕ್ಕೆ, ಕೆಲವರಿಗೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸ್ಕ್ರೀನ್ ಮುಂದೆ ಮಿಟುಕಿಸಿದರೂ ರೆಪ್ಪೆಗಳು ಪೂರ್ತಿ ಕೂಡುವುದಿಲ್ಲ. ಮೇಲಿನ ರೆಪ್ಪೆ ಅರ್ಧಕ್ಕೆ ಬಂದು ವಾಪಸ್ ಹೋಗುತ್ತದೆ. ಗುಡ್ಡೆಯ ಕೆಳಭಾಗಕ್ಕೆ ಪೊರೆ ತಲುಪುವುದೇ ಇಲ್ಲ, ಗ್ರಂಥಿಯಿಂದ ಎಣ್ಣೆಯೂ ಹೊರಗೆ ಬರುವುದಿಲ್ಲ.

ಪಕ್ಕದಲ್ಲಿ ಫೋನ್ ನೋಡುತ್ತಾ ಕೂತಿರುವವರ ಕಣ್ಣನ್ನು ಒಂದು ನಿಮಿಷ ಗಮನಿಸಿ. ಗುಡ್ಡೆ ಅಲುಗುತ್ತದೆ, ರೆಪ್ಪೆ ನಿಂತೇ ಇರುತ್ತದೆ. ಎಷ್ಟೋ ಹೊತ್ತಾದ ಮೇಲೆ ಒಂದು ಸಣ್ಣ ನಡುಕ, ಅಷ್ಟೇ. ನಮ್ಮ ಕಣ್ಣೂ ಹಾಗೇ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ.

ಅಭ್ಯಾಸ ಹೀಗೆ. ಕಣ್ಣನ್ನು ಮೆಲ್ಲಗೆ ಮುಚ್ಚಿ, ಎರಡು ಸೆಕೆಂಡ್ ಹಾಗೇ ಇರಿ. ತೆರೆಯಿರಿ. ಮತ್ತೆ ಮುಚ್ಚಿ ಎರಡು ಸೆಕೆಂಡ್, ಈ ಸಲ ಮುಚ್ಚಿದ ರೆಪ್ಪೆಗಳನ್ನು ಚೂರೇ ಚೂರು ಬಿಗಿ ಮಾಡಿ. ತೆರೆಯಿರಿ. ಇದು ಒಂದು ಸುತ್ತು. ಐದು ಸುತ್ತಿಗೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ. 20 ನಿಮಿಷಕ್ಕೊಮ್ಮೆ ಮಾಡಿ. ಅದೇ ಹೊತ್ತಿಗೆ 20 ಸೆಕೆಂಡ್ 20 ಅಡಿ ದೂರದ ಏನನ್ನಾದರೂ ನೋಡಿದರೆ ಕಣ್ಣಿನ ದಣಿವೂ ಇಳಿಯುತ್ತದೆ. ನೆನಪಿರುವುದಿಲ್ಲ ಎಂದರೆ ಫೋನಿನಲ್ಲಿ ಅಲಾರಾಂ ಇಡಿ. ಮೂರು ವಾರ ಬಿಡದೆ ಮಾಡಿದ ಮೇಲೆ ನನಗೆ ಅಲಾರಾಂ ಬೇಕಾಗಲಿಲ್ಲ.

ಹಂತ 6: ಗಾಳಿ ಮತ್ತು ಸ್ಕ್ರೀನ್

ಫ್ಯಾನ್, ಎಸಿ, ಹೀಟರ್, ಕಾರಿನ ಗಾಳಿಕಿಂಡಿ ಯಾವುದೂ ನೇರ ಮುಖಕ್ಕೆ ಬೀಸಬಾರದು. ಮಂಚವನ್ನು ಸ್ವಲ್ಪ ಸರಿಸುವುದು, ಗಾಳಿಕಿಂಡಿಯನ್ನು ಎದೆಯ ಕಡೆ ತಿರುಗಿಸುವುದು, ಇಷ್ಟಕ್ಕೇ ಎಷ್ಟೋ ಜನರಿಗೆ ಅರ್ಧ ಉರಿ ಇಳಿಯುತ್ತದೆ. ಕೋಣೆಯ ಗಾಳಿ ತೀರಾ ಒಣಗಿದ್ದರೆ ಗಾಳಿಗೆ ತೇವ ಸೇರಿಸುವ ಯಂತ್ರ, ಹ್ಯೂಮಿಡಿಫೈಯರ್, ಇಡಬಹುದು. ತೇವಾಂಶ ಶೇಕಡಾ 40ರಿಂದ 60ರ ನಡುವೆ ಇದ್ದರೆ ಸಾಕು. ಅದನ್ನು ದಿನಾ ತೊಳೆಯದಿದ್ದರೆ ಒಳಗೆ ಬೂಷ್ಟು ಕಟ್ಟುತ್ತದೆ. ದ್ವಿಚಕ್ರ ವಾಹನದಲ್ಲಿ ಓಡಾಡುವವರು ಬದಿಯೂ ಮುಚ್ಚುವ ಕನ್ನಡಕ ಹಾಕಿ, ಇಲ್ಲವೇ ಹೆಲ್ಮೆಟ್ ಗಾಜು ಇಳಿಸಿ. ಬೀಡಿ ಸಿಗರೇಟಿನ ಹೊಗೆ, ಬೇರೆಯವರದಾದರೂ ಸರಿ, ಕಣ್ಣನ್ನು ಕೆಣಕುತ್ತದೆ.

ಸ್ಕ್ರೀನಿನ ಎತ್ತರದ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ಇದು ತುಂಬ ಕೆಲಸಕ್ಕೆ ಬರುತ್ತದೆ. ಸ್ಕ್ರೀನ್ ಎತ್ತರದಲ್ಲಿದ್ದರೆ ಕಣ್ಣನ್ನು ಅಗಲವಾಗಿ ತೆರೆಯಬೇಕು. ಗಾಳಿಗೆ ತೆರೆದ ಜಾಗ ಜಾಸ್ತಿ, ಆರುವುದೂ ಜಾಸ್ತಿ. ಸ್ಕ್ರೀನಿನ ನಡುಭಾಗ ಕಣ್ಣಿನ ಮಟ್ಟಕ್ಕಿಂತ 10ರಿಂದ 12 ಸೆಂಟಿಮೀಟರ್ ಕೆಳಗಿದ್ದರೆ ರೆಪ್ಪೆ ತಾನಾಗಿ ಸ್ವಲ್ಪ ಇಳಿಯುತ್ತದೆ. ದೂರ ಒಂದು ತೋಳಿನಷ್ಟು.

ಹಂತ 7: ಡ್ರಾಪ್ಸ್, ಆರಿಸಿಕೊಂಡು

ಕೃತಕ ಕಣ್ಣೀರಿನ ಡ್ರಾಪ್ಸ್ ಒಳ್ಳೆಯದೇ. ರೋಗದ ಬುಡಕ್ಕೆ ಅದು ಹೋಗುವುದಿಲ್ಲ, ಆದರೆ ಶಾಖದ ಫಲ ಸಿಗುವ ತನಕ ಕಣ್ಣನ್ನು ಕಾಪಾಡುತ್ತದೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಸೋಡಿಯಂ ಹಯಲುರೊನೇಟ್ ಇರುವ ಡ್ರಾಪ್ಸ್ ಸಾಮಾನ್ಯ. ಮುಖ್ಯವಾಗಿ ನೋಡಬೇಕಾದ್ದು ಪ್ರಿಸರ್ವೇಟಿವ್, ಅಂದರೆ ಔಷಧಿ ಕೆಡದಿರಲೆಂದು ಬೆರೆಸುವ ರಾಸಾಯನಿಕ. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಪ್ರಿಸರ್ವೇಟಿವ್ ಇರುವ ಡ್ರಾಪ್ಸನ್ನು ಪದೇ ಪದೇ ಹಾಕಿದರೆ ಅದೇ ಕಣ್ಣಿನ ಮೇಲ್ಮೈಗೆ ಪೆಟ್ಟು ಕೊಡುತ್ತದೆ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಕಾಗುವವರು ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ ತೆಗೆದುಕೊಳ್ಳಿ. ಎಣ್ಣೆ ಅಂಶ ಇರುವ ಡ್ರಾಪ್ಸ್ ಕೂಡ ಇವೆ. ರೆಪ್ಪೆಯ ಎಣ್ಣೆ ಕಡಿಮೆ ಇರುವವರಿಗೆ ಅವು ಹೆಚ್ಚು ಹಿತ.

ಹಾಕುವ ಕ್ರಮ: ಕೈ ತೊಳೆಯಿರಿ, ತಲೆ ಹಿಂದಕ್ಕೆ ಬಾಗಿಸಿ, ಕೆಳಗಿನ ರೆಪ್ಪೆಯನ್ನು ಎಳೆದು ಚೀಲದ ಹಾಗೆ ಮಾಡಿ ಅದರೊಳಗೆ ಒಂದು ಹನಿ. ಒಂದೇ ಸಾಕು. ಕಣ್ಣಲ್ಲಿ ಸಾಮಾನ್ಯವಾಗಿ ಇರುವ ಕಣ್ಣೀರು 7 ಮೈಕ್ರೋಲೀಟರ್ ಆಸುಪಾಸು, ಬಾಟಲಿಯ ಒಂದು ಹನಿ ಅದರ ನಾಲ್ಕೈದು ಪಟ್ಟು. ಎರಡನೇ ಹನಿ ಕೆನ್ನೆಗೇ ಹೋಗುತ್ತದೆ. ಬಾಟಲಿಯ ತುದಿ ರೆಪ್ಪೆಗಾಗಲಿ ಕೂದಲಿಗಾಗಲಿ ತಾಗಬಾರದು. ಆಮೇಲೆ ಒಂದು ನಿಮಿಷ ಕಣ್ಣು ಮೆಲ್ಲಗೆ ಮುಚ್ಚಿರಿ. ಬೇರೆ ಡ್ರಾಪ್ಸ್ ಕೂಡ ಇದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡಿ. ಬಾಟಲಿ ತೆರೆದ ದಿನಾಂಕ ಅದರ ಮೇಲೇ ಬರೆದು, ಪೊಟ್ಟಣದಲ್ಲಿ ಹೇಳಿದ ಅವಧಿ ಮುಗಿದ ಕೂಡಲೇ ಎಸೆಯಿರಿ.

ಬೆಳಗ್ಗೆ ಉರಿ ಇರುವವರಿಗೆ ರಾತ್ರಿ ಮಲಗುವಾಗ ಜೆಲ್ ಅಥವಾ ಮುಲಾಮು ಒಳ್ಳೆಯದು. ಹಾಕಿದ ಮೇಲೆ ಕಣ್ಣು ಮಂಜಾಗುತ್ತದೆ, ಆದ್ದರಿಂದ ದೀಪ ಆರಿಸುವ ಹೊತ್ತಿಗೇ ಹಾಕಿಕೊಳ್ಳಿ.

ಕೆಂಪು ಹೋಗಲಾಡಿಸುವ ಡ್ರಾಪ್ಸ್ ಮಾತ್ರ ಬೇಡ. ನಾಫಜೋಲಿನ್, ಟೆಟ್ರಾಹೈಡ್ರೋಜೋಲಿನ್ ಎಂದು ಲೇಬಲ್ಲಿನಲ್ಲಿ ಇರುತ್ತದೆ. ರಕ್ತನಾಳ ಕುಗ್ಗಿಸಿ ಕಣ್ಣನ್ನು ಬೆಳ್ಳಗೆ ತೋರಿಸುತ್ತವೆ. ಗುಣ ಇಳಿದ ಮೇಲೆ ಕೆಂಪು ಮೊದಲಿಗಿಂತ ಜಾಸ್ತಿ ಬರುತ್ತದೆ, ಮತ್ತೆ ಹಾಕಬೇಕು ಅನ್ನಿಸುತ್ತದೆ. ನಾನು ಸಿಕ್ಕಿಬಿದ್ದದ್ದು ಇದರಲ್ಲೇ. ಬಿಟ್ಟ ಮೊದಲ ವಾರ ಕಣ್ಣು ಇನ್ನೂ ಕೆಂಪಾಗಿತ್ತು, ಆಮೇಲೆ ಇಳಿಯಿತು. ಮನೆಯಲ್ಲಿ ಯಾರಿಗೋ ಬರೆದುಕೊಟ್ಟಿದ್ದ ಸ್ಟೀರಾಯ್ಡ್ ಡ್ರಾಪ್ಸ್ ಉಳಿದಿದ್ದರೆ ಅದನ್ನಂತೂ ಮುಟ್ಟಬೇಡಿ. ಕಣ್ಣಿನ ಒತ್ತಡ ಸದ್ದಿಲ್ಲದೆ ಏರಿ ದೃಷ್ಟಿಗೇ ಕುತ್ತು ಬರಬಹುದು.

ಕಣ್ಣಿಗೆ ಹಾಕಬಾರದ್ದು

ಜೇನುತುಪ್ಪ, ಪನ್ನೀರು, ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ, ನಲ್ಲಿ ನೀರು. ಇವುಗಳಲ್ಲಿ ಕೆಲವನ್ನು ಶುದ್ಧ ಮಾಡಿ, ಅಳತೆಯಲ್ಲಿ ಬೆರೆಸಿ ಔಷಧಿಯಾಗಿ ಬಳಸುವುದು ಉಂಟು. ಆದರೆ ಮನೆಯ ಡಬ್ಬದಲ್ಲಿರುವುದು ಕ್ರಿಮಿಯಿಲ್ಲದ್ದಲ್ಲ. ಒಣಗಿದ ಕಣ್ಣಿನ ಮೇಲ್ಮೈಯಲ್ಲಿ ಮೊದಲೇ ಸಣ್ಣ ಸಣ್ಣ ಗಾಯಗಳಿರುತ್ತವೆ, ಸೋಂಕು ಸುಲಭವಾಗಿ ಒಳಗೆ ಹೋಗುತ್ತದೆ. ಉಪ್ಪು ನೀರು ಮನೆಯಲ್ಲೇ ಮಾಡಿಕೊಳ್ಳುವುದೂ ಬೇಡ. ಲೆನ್ಸ್ ಹಾಕುವವರು ನಲ್ಲಿ ನೀರಿನಿಂದ ಇನ್ನೂ ದೂರ ಇರಬೇಕು. ಅದರಲ್ಲಿ ಅಕಂತಮೀಬಾ ಎಂಬ ಜೀವಿ ಇರಬಹುದು, ಅದರ ಸೋಂಕು ತಿಂಗಳುಗಟ್ಟಲೆ ಕಾಡಿ ದೃಷ್ಟಿ ಕಳೆಯಬಲ್ಲದು.

ಊಟ, ನೀರು, ಮಾತ್ರೆ

ಬಾಯಾರಿಕೆ ಆಗದಂತೆ ನೀರು ಕುಡಿಯಿರಿ. ಲೀಟರುಗಟ್ಟಲೆ ಕುಡಿದ ಮಾತ್ರಕ್ಕೆ ಕಣ್ಣು ತೇವವಾಗುವುದಿಲ್ಲ, ಯಾಕೆಂದರೆ ತೊಂದರೆ ಇರುವುದು ಎಣ್ಣೆಯಲ್ಲಿ.

ಒಮೆಗಾ-3 ಮಾತ್ರೆಯ ಬಗ್ಗೆ ತುಂಬ ಕೇಳಿರುತ್ತೀರಿ. 2018ರಲ್ಲಿ ಪ್ರಕಟವಾದ ಡ್ರೀಮ್ ಎಂಬ ಅಮೆರಿಕದ ಅಧ್ಯಯನದಲ್ಲಿ 535 ಜನರನ್ನು ಒಂದು ವರ್ಷ ಗಮನಿಸಿದರು. ಒಂದು ಗುಂಪಿಗೆ ದಿನಕ್ಕೆ 3000 ಮಿಲಿಗ್ರಾಂ ಒಮೆಗಾ-3, ಇನ್ನೊಂದಕ್ಕೆ ಆಲಿವ್ ಎಣ್ಣೆ ತುಂಬಿದ ಮಾತ್ರೆ. ಎರಡೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಥರ ಸುಧಾರಣೆ ಕಂಡಿತು. ಊಟದಲ್ಲಿ ಒಮೆಗಾ-3 ಇರುವುದು ಮೈಗೆ ಒಳ್ಳೆಯದೇ. ಆದರೆ ಕಣ್ಣಿಗಾಗಿ ಮಾತ್ರೆಗೆ ದುಡ್ಡು ಸುರಿಯುವುದಕ್ಕಿಂತ ಆ ಹಣದಲ್ಲಿ ಒಂದು ಒಳ್ಳೆಯ ಬಿಸಿ ಪಟ್ಟಿ ಕೊಳ್ಳಿ ಎಂದೇ ನಾನು ಹೇಳುವುದು.

ವಿಟಮಿನ್ ಎ ಕೊರತೆಯಿಂದ ಕಣ್ಣು ಕೆಟ್ಟದಾಗಿ ಒಣಗುತ್ತದೆ, ಇರುಳುಗುರುಡು ಬರುತ್ತದೆ. ಸರಿಯಾಗಿ ಉಂಡು ಅರಗಿಸಿಕೊಳ್ಳುವವರಿಗೆ ಅದು ಅಪರೂಪ. ಸ್ವಂತ ಬುದ್ಧಿಯಿಂದ ಮಾತ್ರೆ ನುಂಗಬೇಡಿ. ಜಾಸ್ತಿ ಆದರೆ ವಿಷ, ಬಸುರಿಯರಿಗೆ ಇನ್ನೂ ಅಪಾಯ.

ನೀವು ಬೇರೆ ಕಾಯಿಲೆಗೆ ನುಂಗುತ್ತಿರುವ ಮಾತ್ರೆಯೇ ಕಣ್ಣು ಒಣಗಿಸುತ್ತಿರಬಹುದು. ನೆಗಡಿ ಅಲರ್ಜಿಯ ಮಾತ್ರೆ, ಖಿನ್ನತೆಯ ಕೆಲವು ಔಷಧಿ, ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಈ ಪಟ್ಟಿಯಲ್ಲಿವೆ. ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಮುಟ್ಟು ನಿಂತ ಹೆಂಗಸರಿಗೆ, 50 ದಾಟಿದವರಿಗೆ ಈ ತೊಂದರೆ ಜಾಸ್ತಿ. ದೃಷ್ಟಿಗೆ ಲೇಸರ್ ಮಾಡಿಸಿಕೊಂಡವರಿಗೂ ಕೆಲವು ತಿಂಗಳು ಇರುತ್ತದೆ.

ಮೇಕಪ್ ಮಾಡುವವರಿಗೆ ಒಂದು ಮಾತು. ಕಾಡಿಗೆ, ಐಲೈನರ್ ಕೂದಲಿನ ಹೊರಬದಿಗೆ ಇರಲಿ. ಒಳಗಿನ ಅಂಚಿಗೆ ಹಚ್ಚಿದರೆ ಅದು ಎಣ್ಣೆ ಗ್ರಂಥಿಯ ಬಾಯಿಯ ಮೇಲೇ ಕೂರುತ್ತದೆ.

ಎಷ್ಟು ದಿನ, ಆಮೇಲೆ ಏನು

ಒಂದೇ ವಾರಕ್ಕೆ ಗುಣ ಕಾಣಲಿಲ್ಲ ಎಂದು ಬಿಡಬೇಡಿ. ಗಾಳಿ ಮತ್ತು ಸ್ಕ್ರೀನ್ ಸರಿ ಮಾಡಿದ್ದರ ಹಿತ ಎರಡು ಮೂರು ದಿನಕ್ಕೇ ತಿಳಿಯುತ್ತದೆ. ಶಾಖದ ಫಲ ನಿಧಾನ, ಮೂರು ನಾಲ್ಕು ವಾರ ಬೇಕು. ಆಗ ಕನ್ನಡಿ ಹಿಡಿದು ಮತ್ತೆ ರೆಪ್ಪೆ ನೋಡಿ, ಮಿಟುಕಿಸದೆ ಎಷ್ಟು ಸೆಕೆಂಡ್ ತಡೆಯುತ್ತೀರಿ ಎಣಿಸಿ, ಮೊದಲು ಬರೆದಿಟ್ಟದ್ದಕ್ಕೆ ಹೋಲಿಸಿ.

ಆರು ವಾರ ಸರಿಯಾಗಿ ಮಾಡಿಯೂ ಉರಿ ಹಾಗೇ ಇದ್ದರೆ ಪರೀಕ್ಷೆ ಮಾಡಿಸಿ. ಬಾಯಿ ಕೂಡ ಒಣಗುತ್ತಿದ್ದು ಒಣ ತುತ್ತು ನುಂಗಲು ನೀರು ಬೇಕಾಗುತ್ತಿದ್ದರೆ, ಕೀಲು ನೋವೂ ಇದ್ದರೆ, ಆರು ವಾರ ಕಾಯುವುದೂ ಬೇಡ. ಅದು ಶೋಗ್ರೆನ್ ಕಾಯಿಲೆ ಇರಬಹುದು. ಮೈಯ ರಕ್ಷಣಾ ವ್ಯವಸ್ಥೆಯೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿ ಬೀಳುವ ಈ ಕಾಯಿಲೆಯನ್ನು ಸ್ವೀಡನ್ನಿನ ಕಣ್ಣಿನ ಡಾಕ್ಟರ್ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದರು. ಇದಕ್ಕೆ ರಕ್ತ ಪರೀಕ್ಷೆ ಬೇಕು, ಮನೆಯ ಶಾಖ ಸಾಲುವುದಿಲ್ಲ.

ಪರೀಕ್ಷೆಯ ಬಗ್ಗೆ ಹೆದರಿಕೆ ಬೇಡ. 5 ಮಿಲಿಮೀಟರ್ ಅಗಲದ ಕಾಗದದ ಪಟ್ಟಿಯನ್ನು ಕೆಳಗಿನ ರೆಪ್ಪೆಗೆ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. ಎಷ್ಟು ದೂರ ಒದ್ದೆಯಾಯಿತು ಎಂದು ಅಳೆಯುತ್ತಾರೆ. 5 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಕಣ್ಣೀರು ಹುಟ್ಟುವುದೇ ಕಡಿಮೆ ಎಂದರ್ಥ. ಬಣ್ಣದ ಹನಿ ಹಾಕಿ ಪೊರೆ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂದೂ ನೋಡುತ್ತಾರೆ. ಬೇಕಾದರೆ ಉರಿಯೂತ ಇಳಿಸುವ ಸೈಕ್ಲೋಸ್ಪೊರಿನ್ ಡ್ರಾಪ್ಸ್ ಕೊಡುತ್ತಾರೆ, ಇಲ್ಲವೇ ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ತೂತಿಗೆ ಬಿರಡೆ ಇಡುತ್ತಾರೆ. ಹೋಗುವಾಗ ನೀವು ಬಳಸಿದ ಎಲ್ಲ ಡ್ರಾಪ್ಸ್ ಬಾಟಲಿ, ನುಂಗುವ ಮಾತ್ರೆಗಳ ಪಟ್ಟಿ, ಮೊದಲ ನಾಲ್ಕು ದಿನ ಬರೆದ ಆ ಚೀಟಿ ಜೊತೆಗಿರಲಿ.

ಗುಣ ಕಂಡವರು ಒಮ್ಮೆಗೇ ಎಲ್ಲ ನಿಲ್ಲಿಸಬೇಡಿ. ಎರಡು ತಿಂಗಳ ನಂತರ ಶಾಖವನ್ನು ವಾರಕ್ಕೆ ಮೂರು ನಾಲ್ಕು ದಿನಕ್ಕೆ ಇಳಿಸಬಹುದು. ನಾನು ಈಗ ಹಾಗೇ ಮಾಡುತ್ತಿದ್ದೇನೆ. ಕೆಲಸದ ಒತ್ತಡದಲ್ಲಿ ಎರಡು ವಾರ ತಪ್ಪಿದರೆ ಸಂಜೆಯ ಉರಿ ಮತ್ತೆ ಮೆಲ್ಲಗೆ ಶುರುವಾಗುತ್ತದೆ. ಆಗ ಮತ್ತೆ ಎರಡು ಬಟ್ಟೆ, ಒಂದು ಪಾತ್ರೆ ಬಿಸಿ ನೀರು, 10 ನಿಮಿಷ.